ಒಲೆಯ ಕಿಡಿಗೆ ಇಡೀ ಒಲೆ ಬದಲಿಸಬೇಕೇ?

ಮಾನ್ಯರೆ,

ಕಳೆದ ವಾರ ದೇವರಾಯನದುರ್ಗದ ಬುಡದಲ್ಲಿ ನಮ್ಮ ಕ್ಯಾಂಪರ್ ವ್ಯಾನ್ (ಒಳಗೇ ಅಡುಗೆ, ಮಲಗುವ ವ್ಯವಸ್ಥೆ ಇರುವ ಗಾಡಿ) ನಿಲ್ಲಿಸಿ ಕಾಫಿಗೆ ಒಲೆ ಹಚ್ಚಲು ಹೋದೆ. ಟಕ್ ಟಕ್ ಸದ್ದು ಬಂತು, ಕಿಡಿ ಇಲ್ಲ. ರಿಪೇರಿ ಅಂಗಡಿಯವರು ಇಡೀ ಒಲೆ ಬದಲಿಸಿ ಎಂದರು. ಮನಸ್ಸು ಒಪ್ಪಲಿಲ್ಲ. ಸಿಲಿಂಡರ್ ಬಂದ್ ಮಾಡಿ, ಬಾಗಿಲು ತೆರೆದಿಟ್ಟು ನಾನೇ ನೋಡಿದೆ. ಬರ್ನರ್ ಪಕ್ಕದಲ್ಲಿ ಕಿಡಿ ಹಾರಿಸುವ ಬಿಳಿ ಪಿಂಗಾಣಿ ಕಡ್ಡಿಯ ತುದಿಗೆ ಉಕ್ಕಿದ ಹಾಲು ಕರಕಲಾಗಿ ಅಂಟಿತ್ತು. ಗಾಡಿಯ ಕುಲುಕಾಟಕ್ಕೆ ಕೆಳಗಿನ ವೈರ್ ಕೂಡ ಸಡಿಲವಾಗಿತ್ತು. ಒಣ ಬಟ್ಟೆಯಲ್ಲಿ ಒರೆಸಿ, ವೈರ್ ಒತ್ತಿ ಕೂರಿಸಿದೆ. ಕಿಡಿ ಬಂತು!

ಕಿಡಿ ಬಾರದಿದ್ದರೂ ಸುಮ್ನೆ ನಾಬ್ ತಿರುಗಿಸುತ್ತಾ ಕೂರುವವರೇ ಜಾಸ್ತಿ. ಆಗ ಉರಿಯದೆ ಹೊರಬರುವ ಅಡುಗೆ ಅನಿಲ ಗಾಳಿಗಿಂತ ಭಾರ, ವ್ಯಾನಿನ ನೆಲದಲ್ಲೇ ನಿಲ್ಲುತ್ತದೆ. ಭಯವಾಗುತ್ತದೆ, ಅಲ್ವಾ? ಇಂಥ ಗಾಡಿ ಬಾಡಿಗೆಗೆ ಕೊಡುವವರು ಪ್ರತಿ ಸಲ ಒಲೆ ಹಚ್ಚಿ ನೋಡಿಯೇ ಕೀಲಿ ಕೊಡಲಿ.

– ಓದುಗರೊಬ್ಬರು, ಶಿರಾ ಗೇಟ್, ತುಮಕೂರು