ಪೋಷಕರಿಗೆ ಪತ್ರ: ಸುರಬಾಯದ ಪಾಠ ನಮ್ಮ ಮಕ್ಕಳಿಗೆ ಯಾಕೆ?

ಪ್ರಿಯ ಪೋಷಕರೇ,

ನಮಸ್ಕಾರ. ನವೆಂಬರ್ ಎರಡನೇ ವಾರ ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳಿಗೆ ಇತಿಹಾಸದಲ್ಲಿ ಒಂದು ಹೆಚ್ಚುವರಿ ಪಾಠ ಇಟ್ಟುಕೊಂಡಿದ್ದೇವೆ. ಇಂಡೋನೇಷ್ಯಾದ ಸುರಬಾಯ ಎಂಬ ಊರಿನಲ್ಲಿ 1945ರಲ್ಲಿ ನಡೆದ ಕಾಳಗದ ಪಾಠ ಅದು. ಡೈರಿಯಲ್ಲಿ ಬರೆಸಿ ಕಳಿಸಿದ ಮೇಲೆ ನಿಮ್ಮಲ್ಲಿ ಕೆಲವರು ಶಾಲೆಗೆ ಬಂದು ಮಾತಾಡಿದಿರಿ, ಕೆಲವರು ಫೋನ್ ಮಾಡಿದಿರಿ. ಪರೀಕ್ಷೆಗೆ ಬಾರದ ವಿಷಯ ಯಾಕೆ ಎಂದು ಕೇಳಿದವರಿದ್ದಾರೆ. ಇಷ್ಟು ಚಿಕ್ಕ ಮಕ್ಕಳಿಗೆ ಸಾವುನೋವಿನ ಕಥೆ ಬೇಕಾ ಎಂದವರಿದ್ದಾರೆ. ಮಿಲಿಟರಿಯಲ್ಲಿದ್ದು ನಿವೃತ್ತರಾದ ತಂದೆಯೊಬ್ಬರು, "ಮೇಡಂ, ಇದರಿಂದ ನಮ್ಮ ಸೈನಿಕರಿಗೆ ಅವಮಾನ ಆಗಲ್ವಾ?" ಎಂದು ಬೇಸರದಿಂದಲೇ ಕೇಳಿದರು. ಅವರ ಪ್ರಶ್ನೆ ನನ್ನನ್ನು ತುಂಬ ಯೋಚನೆಗೆ ಹಚ್ಚಿತು. ಎಲ್ಲರಿಗೂ ಸೇರಿಸಿ ಉತ್ತರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಏಷ್ಯಾದ ದೇಶಗಳು ಒಂದೊಂದಾಗಿ ಸ್ವತಂತ್ರವಾದವು ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಅದನ್ನೇ ಓದಿದ ಮಗು ಏನೆಂದುಕೊಳ್ಳುತ್ತದೆ? ಯುದ್ಧ ನಿಂತಿತು, ಬಿಳಿಯರು ಗಂಟುಮೂಟೆ ಕಟ್ಟಿಕೊಂಡು ಹೋದರು, ಅಷ್ಟೇ ಎಂದುಕೊಳ್ಳುತ್ತದೆ. ಹಾಗೆ ಆಗಲಿಲ್ಲ. ಯುದ್ಧ ಮುಗಿದ ಮೇಲೆ ಸತ್ತವರೇ ಲಕ್ಷಗಟ್ಟಲೆ ಇದ್ದಾರೆ. ಅವರಲ್ಲಿ ನಮ್ಮ ಸೀಮೆಯ ರೆಜಿಮೆಂಟಿನವರೂ ಇದ್ದಾರೆ.

ಜಪಾನ್ ಶರಣಾಗಿದ್ದು 1945ರ ಆಗಸ್ಟ್ 15ರಂದು. ಎರಡೇ ದಿನಕ್ಕೆ, ಆಗಸ್ಟ್ 17ರಂದು, ಅಲ್ಲಿನ ಸ್ವಾತಂತ್ರ್ಯ ಹೋರಾಟದ ನಾಯಕರಾದ ಸುಕರ್ಣೋ ಮತ್ತು ಹಟ್ಟಾ ಜಕಾರ್ತದಲ್ಲಿ ಇಂಡೋನೇಷ್ಯಾ ಸ್ವತಂತ್ರ ಎಂದು ಸಾರಿದರು. ಅದಕ್ಕೆ ಮುಂಚೆ ಮೂರೂವರೆ ವರ್ಷ ಆ ಜನ ಜಪಾನೀಯರ ಕೈಯಲ್ಲಿ ನರಳಿದ್ದರು. ಗಂಡಸರನ್ನು ಬಲವಂತದ ಕೂಲಿಗೆ ಎಳೆದುಕೊಂಡು ಹೋಗಿದ್ದರು. ಜಾವಾ ದ್ವೀಪದಲ್ಲಿ ಅಕ್ಕಿಯೆಲ್ಲ ಸೈನ್ಯದ ಪಾಲಾಗಿ, ಲಕ್ಷಾಂತರ ಜನ ಹಸಿವಿನಿಂದಲೇ ಸತ್ತಿದ್ದರು. ಇನ್ನಾದರೂ ನಮ್ಮ ಪಾಡಿಗೆ ನಾವು ಬದುಕೋಣ ಎಂದು ಅವರು ಆಸೆಪಟ್ಟಿದ್ದರಲ್ಲಿ ತಪ್ಪೇನಿತ್ತು?

ಆದರೆ ಹಳೇ ಯಜಮಾನರಾದ ಡಚ್ಚರಿಗೆ ಅದು ಒಪ್ಪಿಗೆ ಇರಲಿಲ್ಲ. ಅವರ ದೇಶ ನೆದರ್ಲೆಂಡ್ಸ್ ಅದೇ ವರ್ಷ ಮೇ ತಿಂಗಳವರೆಗೆ ಜರ್ಮನರ ವಶದಲ್ಲಿತ್ತು. ಕಳಿಸುವುದಕ್ಕೆ ಸೈನ್ಯ ಇರಲಿಲ್ಲ. ಹಾಗಾಗಿ ಜಪಾನೀಯರಿಂದ ಆಯುಧ ಕಿತ್ತುಕೊಳ್ಳುವ, ಅವರ ಶಿಬಿರಗಳಲ್ಲಿ ಕೂಡಿಹಾಕಿದ್ದ ಡಚ್ ಹೆಂಗಸರು ಮಕ್ಕಳನ್ನು ಬಿಡಿಸುವ ಕೆಲಸ ಬ್ರಿಟಿಷರ ಪಾಲಿಗೆ ಬಂತು. ಬ್ರಿಟಿಷರು ಯಾರನ್ನು ಕಳಿಸಿದರು ಗೊತ್ತಾ? ಭಾರತದ ಸಿಪಾಯಿಗಳನ್ನು. ಇಂಫಾಲದಲ್ಲಿ ಜಪಾನೀಯರ ಎದುರು ಹೋರಾಡಿ ಬದುಕಿ ಉಳಿದಿದ್ದ 23ನೇ ಭಾರತೀಯ ಡಿವಿಜನ್ ಅದು. ಯುದ್ಧ ಮುಗೀತು, ಇನ್ನು ಊರಿಗೆ ಹೋಗಬಹುದು ಎಂದು ಕಾಯುತ್ತಿದ್ದವರನ್ನು ಜಾವಾದ ಹಡಗು ಹತ್ತಿಸಿದರು.

ಸುರಬಾಯದಲ್ಲಿ ಅಕ್ಟೋಬರ್ 25ರಂದು ಇಳಿದದ್ದು ಆ ಡಿವಿಜನ್ನಿನ ಒಂದು ಭಾಗವಾದ 49ನೇ ಬ್ರಿಗೇಡ್. ಅದರ ಮೂರು ಪಡೆಗಳಲ್ಲಿ ಎರಡು ಮರಾಠಾ ಲೈಟ್ ಇನ್‌ಫೆಂಟ್ರಿಯವು. ಮತ್ತೊಂದು ರಜಪುತಾನಾ ರೈಫಲ್ಸ್. ಮರಾಠಾ ರೆಜಿಮೆಂಟ್ ಎಂದರೆ ಬೆಳಗಾವಿಯ ಮಕ್ಕಳಿಗೆ ಹೇಳಿಕೊಡಬೇಕಾ? 1922ರಿಂದ ಅದರ ಸೆಂಟರ್ ಇರುವುದು ನಮ್ಮೂರಲ್ಲೇ. ನಮ್ಮ ಸುತ್ತಲಿನ ಹಳ್ಳಿಗಳ ಹುಡುಗರು, ಮನೆಯಲ್ಲಿ ಕನ್ನಡ ಆಡುವವರು, ಮರಾಠಿ ಆಡುವವರು, ಎಷ್ಟೋ ಜನ ಆ ಗೇಟಿನೊಳಗೆ ಹೋಗಿಯೇ ಸಿಪಾಯಿಗಳಾದರು. ಈ ಪಾಠ ದೂರದ ದೇಶದ್ದಾದರೂ ನಮಗೆ ಹತ್ತಿರದ್ದು ಎಂದು ನಾನು ಹೇಳುವುದು ಇದಕ್ಕೇ.

ಮೊದಲ ಎರಡು ದಿನ ಹೇಗೋ ಶಾಂತವಾಗಿತ್ತು. ಬ್ರಿಗೇಡಿನ ಮುಖ್ಯಸ್ಥ, ಬ್ರಿಟಿಷ್ ಅಧಿಕಾರಿ ಬ್ರಿಗೇಡಿಯರ್ ಮ್ಯಾಲಬಿ ಊರಿನ ಮುಖಂಡರ ಜೊತೆ ಕೂತು ಮಾತಾಡಿ ಒಂದು ಒಪ್ಪಂದಕ್ಕೆ ಬಂದಿದ್ದರು. ಆದರೆ 27ರಂದು ಜಕಾರ್ತದಿಂದ ಬಂದ ಬ್ರಿಟಿಷರ ವಿಮಾನ ಊರ ಮೇಲೆ ಕರಪತ್ರ ಉದುರಿಸಿತು. 48 ಗಂಟೆಯೊಳಗೆ ಎಲ್ಲರೂ ಆಯುಧ ಒಪ್ಪಿಸಬೇಕು, ಇಲ್ಲದಿದ್ದರೆ ಗುಂಡು ಎಂದು ಅದರಲ್ಲಿತ್ತು. ಒಪ್ಪಂದ ಮುರಿದರು ಎಂದು ಊರೇ ಸಿಡಿದೆದ್ದಿತು. 28ರಂದು ಶುರುವಾದ ದಾಳಿಯಲ್ಲಿ ಸಾವಿರಾರು ಜನ ಬಂದೂಕು ಹಿಡಿದಿದ್ದರು, ಅವರ ಹಿಂದೆ ಬಿದಿರಿನ ಈಟಿ, ಕತ್ತಿ ಹಿಡಿದವರು ಇನ್ನೂ ಜಾಸ್ತಿ. ನಮ್ಮ ಸಿಪಾಯಿಗಳು ಹತ್ತಿಪ್ಪತ್ತು ಜನರ ಗುಂಪಾಗಿ ಊರಿನ ತುಂಬ ಚದುರಿದ್ದರು. ಗುಂಡು ಖಾಲಿಯಾಗುವವರೆಗೆ ಹೊಡೆದರು. ಆಮೇಲೆ ಸತ್ತರು. ಡಚ್ ಹೆಂಗಸರನ್ನೂ ಮಕ್ಕಳನ್ನೂ ಶಿಬಿರದಿಂದ ಕರೆತರುತ್ತಿದ್ದ ಲಾರಿಗಳ ಮೇಲೂ ದಾಳಿ ಆಯಿತು. ಅವುಗಳ ಕಾವಲಿಗಿದ್ದ ಸಿಪಾಯಿಗಳು ಸತ್ತರು, ಲಾರಿಯಲ್ಲಿದ್ದ ಮಕ್ಕಳೂ ಸತ್ತರು. ಈ ಭಾಗವನ್ನು ತರಗತಿಯಲ್ಲಿ ಮುಚ್ಚಿಡುವುದಿಲ್ಲ. ಸ್ವಾತಂತ್ರ್ಯಕ್ಕಾಗಿ ಎದ್ದ ಜನರ ಕೈಯಿಂದಲೂ ಕೂಸುಗಳು ಸಾಯಬಹುದು ಎಂದು ಮಕ್ಕಳಿಗೆ ತಿಳಿಯಬೇಕು.

ಸುಕರ್ಣೋ ವಿಮಾನದಲ್ಲಿ ಬಂದು ಕದನ ನಿಲ್ಲಿಸಲು ಪ್ರಯತ್ನಪಟ್ಟರು. ಆದರೂ 30ರಂದು ಮ್ಯಾಲಬಿ ಸತ್ತರು. ಬ್ರಿಟಿಷರು 5ನೇ ಭಾರತೀಯ ಡಿವಿಜನ್ ಅನ್ನೂ ಕರೆಸಿಕೊಂಡರು. ನವೆಂಬರ್ 10ರ ಬೆಳಗ್ಗೆ ಹಡಗಿನ ಫಿರಂಗಿ, ವಿಮಾನ, ಟ್ಯಾಂಕು ಎಲ್ಲ ಒಟ್ಟಿಗೆ ಊರಿನ ಮೇಲೆ ಎರಗಿದವು. ಬೀದಿ ಬೀದಿಯ ಕಾಳಗ ಮೂರು ವಾರ ನಡೆಯಿತು. ಕಡಿಮೆ ಎಂದರೂ 6,000 ಇಂಡೋನೇಷ್ಯನ್ನರು ಸತ್ತರು. 16,000ದವರೆಗೆ ಹೇಳುವವರೂ ಇದ್ದಾರೆ. ಸುಮಾರು 2 ಲಕ್ಷ ಜನ ಮನೆ ಬಿಟ್ಟು ಓಡಿದರು. ಸತ್ತ ಭಾರತೀಯ ಸಿಪಾಯಿಗಳು ನೂರಾರು. ಇವತ್ತಿಗೂ ಇಂಡೋನೇಷ್ಯಾದಲ್ಲಿ ನವೆಂಬರ್ 10 ವೀರರ ದಿನ. ನಾವು ಪಾಠಕ್ಕೆ ಆ ವಾರ ಆರಿಸಿಕೊಂಡದ್ದು ಅದಕ್ಕೇ.

ಈಗ ಆ ತಂದೆಯ ಪ್ರಶ್ನೆಗೆ ಬರುತ್ತೇನೆ.

ಆ ಸಿಪಾಯಿ ಯಾರು? ಮಳೆಯನ್ನೇ ನಂಬಿದ ಎರಡೆಕರೆ ಹೊಲದ ಮನೆಯ ಮಗ. ಸಂಬಳ ಸಿಗುತ್ತದೆ, ಮನೆಗೆ ಹಣ ಕಳಿಸಬಹುದು ಎಂದು ಭರ್ತಿಯಾದವನು. ಅವನ ಸ್ವಂತ ದೇಶಕ್ಕೇ ಆಗ ಸ್ವಾತಂತ್ರ್ಯ ಇರಲಿಲ್ಲ. ಅವನನ್ನು ಇನ್ನೊಂದು ದೇಶದ ಸ್ವಾತಂತ್ರ್ಯದ ಎದುರು ನಿಲ್ಲಿಸಿದರು. ಅವನ ಮುಂದೆ ನಿಂತಿದ್ದವನೂ ಅವನ ಹಾಗೇ ಬತ್ತದ ಗದ್ದೆಯಿಂದ ಬಂದ ಹುಡುಗ. ಈ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಯಾವ ಹಗೆಯೂ ಇರಲಿಲ್ಲ. ಇಬ್ಬರೂ ಸತ್ತರು. ಇದನ್ನು ಹೇಳಿದರೆ ಸೈನಿಕನಿಗೆ ಅವಮಾನ ಆಗುತ್ತದೆ ಎಂದು ನನಗೆ ಅನಿಸುವುದಿಲ್ಲ. ಅವನು ಎಲ್ಲಿ ಸತ್ತ, ಯಾರ ಲಾಭಕ್ಕೆ ಸತ್ತ ಎಂದು ಯಾರೂ ಕೇಳದೇ ಇರುವುದೇ ನನ್ನ ಕಣ್ಣಿಗೆ ದೊಡ್ಡ ಅವಮಾನ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಸೈನ್ಯದಲ್ಲಿ 25 ಲಕ್ಷ ಭಾರತೀಯರಿದ್ದರು. ಸುಮಾರು 87,000 ಮಂದಿ ತೀರಿಕೊಂಡರು. ನಮ್ಮ ಮಕ್ಕಳಿಗೆ ಅವರಲ್ಲಿ ಒಬ್ಬರ ಹೆಸರಾದರೂ ಗೊತ್ತಾ?

ಆ ಕಾಲದ ಜನರಿಗೂ ಇದು ತಪ್ಪು ಎಂದು ಗೊತ್ತಿತ್ತು. ಭಾರತೀಯ ಸೈನ್ಯವನ್ನು ಇಂಡೋನೇಷ್ಯಾದಲ್ಲಿ ಬಳಸಬೇಡಿ ಎಂದು ನೆಹರೂ ಮತ್ತು ಕಾಂಗ್ರೆಸ್ ಗಟ್ಟಿಯಾಗಿ ವಿರೋಧಿಸಿದರು. ಆಸ್ಟ್ರೇಲಿಯಾದ ಬಂದರುಗಳಲ್ಲಿ ಡಚ್ಚರ ಹಡಗುಗಳಿಗೆ ಸರಕು ತುಂಬುವುದಿಲ್ಲ ಎಂದು ಅಲ್ಲಿನ ಕೂಲಿಗಳು ಹಠ ಹಿಡಿದಾಗ, ಆ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತೀಯರೂ ಕೆಲಸ ಬಿಟ್ಟು ಇಳಿದರು. ಜಾವಾದಲ್ಲೇ ನೂರಾರು ಭಾರತೀಯ ಸಿಪಾಯಿಗಳು ಇಂಡೋನೇಷ್ಯನ್ನರ ಕಡೆಗೆ ಹೋಗಿಬಿಟ್ಟರು. 1946ರ ಫೆಬ್ರವರಿ 18ರಂದು ಬೊಂಬಾಯಿಯಲ್ಲಿ ನೌಕಾಪಡೆಯ ನಾವಿಕರು ದಂಗೆ ಎದ್ದರಲ್ಲ, ಅದು ಕೆಟ್ಟ ಊಟದ ವಿಷಯಕ್ಕೆ ಶುರುವಾದದ್ದು ಎಂದು ಮಕ್ಕಳು ಓದಿರುತ್ತಾರೆ. ಆ ನಾವಿಕರ ಬೇಡಿಕೆಗಳಲ್ಲಿ ಇನ್ನೊಂದೂ ಇತ್ತು: ಇಂಡೋನೇಷ್ಯಾದಿಂದ ನಮ್ಮ ಸೈನಿಕರನ್ನು ವಾಪಸ್ ಕರೆಸಿ. ಅವರಿಗೆ ಬೆಂಬಲವಾಗಿ ಬೀದಿಗಿಳಿದ ಬೊಂಬಾಯಿಯ ಜನರ ಮೇಲೆ ಗೋಲಿಬಾರ್ ಆಯಿತು. 200ಕ್ಕೂ ಹೆಚ್ಚು ಜನ ಸತ್ತರು. ಗುಂಡು ಹೊಡೆಯಬೇಕಾದವನೇ ಹೊಡೆಯುವುದಿಲ್ಲ ಎಂದು ಕೈಕಟ್ಟಿ ನಿಂತರೆ ಸಾಮ್ರಾಜ್ಯ ಎಷ್ಟು ದಿನ ನಿಂತೀತು? ಬ್ರಿಟಿಷರಿಗೆ ಇದು ಅರ್ಥವಾಯಿತು. ಅದೇ 1946ರ ನವೆಂಬರ್ ಮುಗಿಯುವುದರೊಳಗೆ ಇಂಡೋನೇಷ್ಯಾದಿಂದ ಸೈನ್ಯ ತೆಗೆದರು.

ಮಕ್ಕಳಿಗೆ ನಾನೇ ಖುದ್ದಾಗಿ ಹೇಳಬೇಕು ಎಂದುಕೊಂಡಿರುವ ಸಂಗತಿ ಇನ್ನೊಂದಿದೆ. 1946ರಲ್ಲಿ ನಮ್ಮ ಕಡೆ ಬರ. ಮೈಸೂರು ಸಂಸ್ಥಾನದಲ್ಲಿ, ಮದ್ರಾಸ್, ಬೊಂಬಾಯಿ ಪ್ರಾಂತ್ಯಗಳಲ್ಲಿ ಮಳೆ ಕೈಕೊಟ್ಟಿತ್ತು. ಬೆಳಗಾವಿ ಆಗ ಬೊಂಬಾಯಿ ಪ್ರಾಂತ್ಯದಲ್ಲಿತ್ತು. ಮೂರು ವರ್ಷದ ಹಿಂದಷ್ಟೇ ಬಂಗಾಳದಲ್ಲಿ ಸುಮಾರು 30 ಲಕ್ಷ ಜನ ಹಸಿವಿನಿಂದ, ರೋಗದಿಂದ ಸತ್ತಿದ್ದರು. ಮತ್ತೆ ಹಾಗೇ ಆಗುತ್ತದಾ ಎಂಬ ಭಯ ಎಲ್ಲರಿಗೂ ಇತ್ತು. ಆಗ ಇಂಡೋನೇಷ್ಯಾದ ಪ್ರಧಾನಿ ಸುತನ್ ಶಹ್ರೀರ್, ಭಾರತಕ್ಕೆ 5 ಲಕ್ಷ ಟನ್ ಅಕ್ಕಿ ಕೊಡುತ್ತೇವೆ ಎಂದರು. ಬದಲಿಗೆ ಬಟ್ಟೆ ಮತ್ತು ಬೇಸಾಯದ ಸಾಮಾನು ಕೇಳಿದರು. ಯೋಚಿಸಿ ನೋಡಿ. ಸುರಬಾಯ ಸುಟ್ಟು ಆರು ತಿಂಗಳೂ ಆಗಿರಲಿಲ್ಲ. ಭಾರತದ ಸಿಪಾಯಿಗಳು ಇನ್ನೂ ಅವರ ನೆಲದಲ್ಲೇ ಇದ್ದರು. ಅವರೂ ಹಸಿವು ಕಂಡ ಜನ. ಆದರೂ ನಮ್ಮ ಹಸಿವು ಅವರಿಗೆ ಕಂಡಿತು. ಬಂದೂಕು ಹಿಡಿದ ಸಿಪಾಯಿ ಬೇರೆ, ಅವನನ್ನು ಕಳಿಸಿದ ಸರ್ಕಾರ ಬೇರೆ, ಅವನ ಊರಿನ ಹಸಿದ ಜನ ಬೇರೆ ಎಂದು ಅವರು ಬಿಡಿಸಿ ನೋಡಿದರು. ಇಷ್ಟು ದೊಡ್ಡ ಮನಸ್ಸು ಇತಿಹಾಸದಲ್ಲಿ ಸಿಗುವುದು ಅಪರೂಪ.

ಅವರ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಬ್ರಿಟಿಷರು ಹೋದರು, ಡಚ್ಚರು ತಮ್ಮದೇ ಸೈನ್ಯ ತಂದರು. ಅದರಲ್ಲೂ ಬಹುಪಾಲು ಕಡ್ಡಾಯ ಸೇವೆಗೆ ಎಳೆದು ತಂದ ಎಳೆ ಹುಡುಗರು. 1949ರ ಡಿಸೆಂಬರ್ 27ರಂದು ಡಚ್ಚರು ಅಧಿಕಾರ ಬಿಟ್ಟುಕೊಡುವ ಹೊತ್ತಿಗೆ ಸುಮಾರು ಒಂದು ಲಕ್ಷ ಇಂಡೋನೇಷ್ಯನ್ನರೂ ಸಾವಿರಾರು ಡಚ್ ಸೈನಿಕರೂ ಸತ್ತಿದ್ದರು. ರಾವಗೆಡೆ ಎಂಬ ಹಳ್ಳಿಯಲ್ಲಿ 1947ರ ಡಿಸೆಂಬರ್ 9ರಂದು ಡಚ್ ಸೈನಿಕರು ಗಂಡಸರನ್ನು ಸಾಲಾಗಿ ನಿಲ್ಲಿಸಿ ಕೊಂದರು. ಸತ್ತವರು 431 ಎಂದು ಆ ಊರಿನವರ ಲೆಕ್ಕ. ಅವರ ವಿಧವೆಯರಲ್ಲಿ ಬದುಕಿದ್ದ ಕೆಲವರು ಹೇಗ್ ನಗರದ ಕೋರ್ಟಿಗೆ ಹೋಗಿ ಗೆದ್ದದ್ದು 2011ರಲ್ಲಿ. ತಲಾ 20,000 ಯೂರೋ ಪರಿಹಾರ ಸಿಕ್ಕಿತು. 64 ವರ್ಷ ಆದ ಮೇಲೆ! ಹೊಸ ಮದುಮಗಳಾಗಿ ಗಂಡನನ್ನು ಕಳೆದುಕೊಂಡವಳು ಅಷ್ಟು ಹೊತ್ತಿಗೆ ಮುದುಕಿ. ಡಚ್ ರಾಜ 2020ರಲ್ಲಿ, ಪ್ರಧಾನಿ 2022ರಲ್ಲಿ ಕ್ಷಮೆ ಕೇಳಿದರು.

ನಮ್ಮ ದೇಶ ಅವರ ಜೊತೆ ನಿಂತಿತು ಎಂಬುದು ನಮಗೆ ಹೆಮ್ಮೆಯ ವಿಷಯ. 1947ರಲ್ಲಿ, ಮುಂದೆ ಒಡಿಶಾದ ಮುಖ್ಯಮಂತ್ರಿಯಾದ ಬಿಜು ಪಟ್ನಾಯಕ್ ಡಚ್ಚರ ಕಾವಲು ತಪ್ಪಿಸಿ ವಿಮಾನದಲ್ಲಿ ಶಹ್ರೀರ್ ಅವರನ್ನು ಹೊರಗೆ ಕರೆತಂದರು. 1950ರ ನಮ್ಮ ಮೊದಲ ಗಣರಾಜ್ಯೋತ್ಸವದ ಮುಖ್ಯ ಅತಿಥಿ ಸುಕರ್ಣೋ. ಇದೂ ಪಾಠದಲ್ಲಿ ಇರುತ್ತದೆ.

ಮಕ್ಕಳ ಮನಸ್ಸು ನೊಂದೀತು ಎಂಬ ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ. ಹೆಣದ ಫೋಟೋ, ರಕ್ತದ ವಿಡಿಯೋ ನಾವು ತೋರಿಸುವುದಿಲ್ಲ. ಆದರೆ ಈಗ ನಡೆಯುತ್ತಿರುವ ಯುದ್ಧಗಳ ವಿಡಿಯೋಗಳು ಮೊಬೈಲಿನಲ್ಲಿ ಅವರ ಕಣ್ಣಿಗೆ ಬಿದ್ದೇ ಬೀಳುತ್ತಿವೆ. ಬಾಂಬು ಬಿದ್ದ ಕಟ್ಟಡ ನೋಡಿ ಮಕ್ಕಳು "ಸೂಪರ್" ಎನ್ನುವುದನ್ನು ನಮ್ಮ ಶಿಕ್ಷಕರು ಕೇಳಿದ್ದಾರೆ. ಅದು ಮಕ್ಕಳ ತಪ್ಪಲ್ಲ. ಆ ಕಟ್ಟಡದಲ್ಲಿ ಅಡುಗೆ ಮಾಡುತ್ತಿದ್ದವರು, ಓದುತ್ತಿದ್ದವರು ಇದ್ದರು ಎಂದು ಅವರಿಗೆ ಯಾರೂ ಹೇಳಿಲ್ಲ. ನಾವು ಹೇಳಬೇಕು. ನೀವೂ ಮನೆಯಲ್ಲಿ ಹೇಳಿ, ಅಂಥ ವಿಡಿಯೋಗಳನ್ನು ಮಕ್ಕಳ ಮುಂದೆ ಹಂಚಬೇಡಿ.

ಇನ್ನೊಂದು ಸಹಾಯ ಬೇಕು. ನಿಮ್ಮ ಅಜ್ಜ, ಮುತ್ತಜ್ಜ, ಅವರ ಅಣ್ಣತಮ್ಮಂದಿರು ಯಾರಾದರೂ ಆ ಕಾಲದಲ್ಲಿ ಮಿಲಿಟರಿಗೆ ಹೋಗಿದ್ದರೆ ಮಕ್ಕಳಿಗೆ ಅವರ ವಿಷಯ ಹೇಳಿ. ಟ್ರಂಕಿನಲ್ಲಿ ಮೆಡಲ್, ಪಿಂಚಣಿ ಕಾಗದ, ಹಳೇ ಪತ್ರ, ಫೋಟೋ ಇದ್ದರೆ ತೋರಿಸಿ. ಶಾಲೆಗೆ ಮೂಲ ಕಾಗದ ಕಳಿಸಬೇಡಿ, ಮೊಬೈಲಿನಲ್ಲಿ ತೆಗೆದ ಚಿತ್ರ ಸಾಕು. ವಾಪಸ್ ಬರದೇ ಹೋದವರ ಹೆಸರಿದ್ದರೆ ಬರೆದು ಕಳಿಸಿ. ಮಿಲಿಟರಿಗೆ ಯಾರೂ ಹೋಗದ ಮನೆಯ ಮಕ್ಕಳು ಅಜ್ಜಿಯರನ್ನು ರೇಷನ್ ಕಾಲದ ಬಗ್ಗೆ ಕೇಳಲಿ: ಏನು ಉಣ್ಣುತ್ತಿದ್ದರು, ಬಟ್ಟೆ ಹೇಗೆ ಸಿಗುತ್ತಿತ್ತು. ಅವರು ತಮ್ಮ ಹಿರಿಯರಿಂದ ಕೇಳಿದ್ದನ್ನು ಹೇಳಿದರೂ ಆದೀತು.

ರೆಜಿಮೆಂಟ್ ಸೆಂಟರ್‌ನಲ್ಲಿರುವ ಶರ್ಕತ್ ಯುದ್ಧ ಸ್ಮಾರಕಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವ ಯೋಚನೆಯೂ ಇದೆ. ಶರ್ಕತ್ ಇರುವುದು ಇರಾಕಿನಲ್ಲಿ. 1918ರ ಅಕ್ಟೋಬರ್ ಕೊನೆಯಲ್ಲಿ, ತುರ್ಕಿ ಸಾಮ್ರಾಜ್ಯ ಕುಸಿಯುತ್ತಿದ್ದ ದಿನಗಳಲ್ಲಿ, ಮರಾಠಾ ಸಿಪಾಯಿಗಳು ಅಲ್ಲಿ ಸತ್ತರು. ಸುರಬಾಯದ ಕಾಳಗಕ್ಕೆ 27 ವರ್ಷ ಮುಂಚೆ, ಹೆಚ್ಚೂಕಡಿಮೆ ಅದೇ ತಾರೀಖುಗಳಲ್ಲಿ. ಅನುಮತಿ ಸಿಕ್ಕ ಕೂಡಲೇ ದಿನ ತಿಳಿಸುತ್ತೇವೆ. ಒಪ್ಪಿಗೆ ಚೀಟಿ ಈ ಪತ್ರದ ಜೊತೆಗಿದೆ, ಸಹಿ ಮಾಡಿ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ.

ನಿಮ್ಮ ಮಗು ಈ ಪಾಠಕ್ಕೆ ಕೂರುವುದು ಬೇಡ ಎಂದು ನಿಮಗೆ ಈಗಲೂ ಅನಿಸಿದರೆ ಬಂದು ಮಾತಾಡಿ, ಒತ್ತಾಯ ಇಲ್ಲ. ಮಿಲಿಟರಿಯಲ್ಲಿ ಸೇವೆ ಮಾಡಿದ ಪೋಷಕರು ಆ ದಿನ ತರಗತಿಗೆ ಬಂದು ಮಕ್ಕಳ ಜೊತೆ ಕೂತರೆ ನಮಗೆ ತುಂಬ ಸಂತೋಷ. ಪ್ರಶ್ನೆ ಕೇಳಿದ ಆ ತಂದೆ ಬರುತ್ತೇನೆ ಎಂದಿದ್ದಾರೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ