ಭಾನುವಾರದ ಹಕ್ಕಿ ಎಣಿಕೆ: ಮಾಗಡಿ ಕೆರೆ

ಗೆಳೆಯರೇ, ಚಳಿ ಜಾಸ್ತಿಯಾಗಿದೆ, ಬೆಳಗ್ಗೆ ಮಂಜೂ ದಟ್ಟವಾಗಿದೆ. ಎಣಿಕೆ ಇದೆಯಾ ಅಂತ ತುಂಬಾ ಜನ ಕೇಳುತ್ತಿದ್ದೀರಿ. ಇದೆ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಜನವರಿಯಲ್ಲೇ ನಡೆಯುತ್ತಿದೆ. ಬಿಸಿಲು ನೋಡಿಕೊಂಡು ಮುಂದೂಡಿದರೆ ಹಿಂದಿನ ವರ್ಷಗಳ ಲೆಕ್ಕದ ಜೊತೆ ಹೋಲಿಸಿ ನೋಡೋದು ಕಷ್ಟ.

ಬೆಳಗ್ಗೆ 6ಕ್ಕೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಏರಿ ಮೇಲೆ ಸೇರೋಣ. ಪಟ್ಟೆತಲೆ ಹೆಬ್ಬಾತುಗಳು ಹೊಲಗಳಲ್ಲಿ ಮೇಯ್ದು ಬೆಳಗಿನ ಹೊತ್ತಿಗೆ ನೀರಿಗೆ ವಾಪಸ್ ಬರುತ್ತವೆ. ಹಿಮಾಲಯ ದಾಟಿ ಬಂದ ಹಕ್ಕಿಗಳಿಗೆ ನಮ್ಮ ಚಳಿ ಲೆಕ್ಕಕ್ಕೇ ಇಲ್ಲ. ನಮಗಿದೆ! ಸ್ವೆಟರ್, ಮಫ್ಲರ್ ಮರೆಯಬೇಡಿ.

ಮಂಜು ಇದ್ದರೆ ಕಾಯಿರಿ, ಅಂದಾಜಿಗೆ ಸಂಖ್ಯೆ ಬರೆಯಬೇಡಿ. ದೊಡ್ಡ ಗುಂಪಾದರೆ ಮೊದಲು ಹತ್ತು ಹಕ್ಕಿ ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ನೋಡಿ, ಅದೇ ಅಳತೆಯಲ್ಲಿ ಉಳಿದ ಗುಂಪನ್ನು ಲೆಕ್ಕ ಹಾಕಿ. ಗುಂಪು ಎದ್ದು ಹಾರಿದರೆ ಸಮಯ, ದಿಕ್ಕು ಬರೆದುಕೊಳ್ಳಿ. ಇಲ್ಲದಿದ್ದರೆ ಆ ದಡದವರೂ ಅದನ್ನೇ ಮತ್ತೆ ಎಣಿಸುತ್ತಾರೆ. ಗುರುತು ಸಿಗದಿದ್ದರೆ ಸುಮ್ನೆ 'ಬಾತು' ಅಂತ ಬರೆದರೂ ಸಾಕು.

ಒಳ್ಳೆ ಫೋಟೊಗಾಗಿ ನೀರಿನ ಹತ್ತಿರ ಹೋಗೋದು, ಡ್ರೋನ್ ಹಾರಿಸೋದು ಬೇಡವೇ ಬೇಡ. ಚಳಿಯಲ್ಲಿ ಹಕ್ಕಿಗಳನ್ನು ಸುಮ್ಮನೆ ಎಬ್ಬಿಸಿ ಹಾರಿಸಿದರೆ ಅವುಗಳ ಶಕ್ತಿ ವ್ಯರ್ಥವಾಗುತ್ತದೆ. ಹೊಲದ ಬದುವಿನಲ್ಲೇ ನಡೆಯಿರಿ. ಇಬ್ಬನಿಗೆ ಎರೆಮಣ್ಣು ಬೂಟಿಗೆ ಮೆತ್ತಿಕೊಳ್ಳುತ್ತದೆ, ಹಳೇ ಬೂಟು ಸಾಕು.

ರೊಟ್ಟಿ, ಶೇಂಗಾ ಚಟ್ನಿ, ಚಹಾ ನಮ್ಮ ಕಡೆಯಿಂದ. ಹೆಚ್ಚುವರಿ ಬೈನಾಕ್ಯುಲರ್ ಇದ್ದವರು ತನ್ನಿ. ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ, ಗಾಡಿ ಹೊಂದಿಸಬೇಕು.