ಘಟ್ಟದ ಮೇಲಿನ ಚೊಗರು, ಮಲ್ಪೆಯ ದೋಣಿ: ನಮ್ಮ ಸಂಸದರಿಗೆ ಬಹಿರಂಗ ಪತ್ರ

ಉಡುಪಿ-ಚಿಕ್ಕಮಗಳೂರು ಕ್ಷೇತ್ರದ ಮಾನ್ಯ ಲೋಕಸಭಾ ಸದಸ್ಯರಿಗೆ,

ಕೊಪ್ಪ ತಾಲ್ಲೂಕಿನ ಅಡಿಕೆ ಬೆಳೆಗಾರನೊಬ್ಬನ ನಮಸ್ಕಾರಗಳು.

ರಸ್ತೆ, ಆನೆ ಕಾಟ, ಎಲೆಚುಕ್ಕಿ ರೋಗ ಅಂತ ನಿಮಗೆ ದಿನಾ ಅರ್ಜಿಗಳು ಬರುತ್ತವೆ. ನಾನು ಬರೆಯುತ್ತಿರುವುದು ದೋಣಿಯ ತಳಕ್ಕೆ ಬಳಿಯುವ ಪೇಂಟ್ ಬಗ್ಗೆ, ಅಡಿಕೆ ಬೇಯಿಸಿದ ನೀರಾದ ಚೊಗರನ್ನು ಅದಕ್ಕೆ ಬಳಸಬಹುದೇ ಅನ್ನುವುದರ ಬಗ್ಗೆ. ಘಟ್ಟದ ಮೇಲಿನವನಿಗೆ ದೋಣಿಯ ಉಸಾಬರಿ ಯಾಕೆ ಅಂತ ನಗಬೇಡಿ. ನಿಮ್ಮ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ನಾಲ್ಕು ಘಟ್ಟದ ಮೇಲಿವೆ, ನಾಲ್ಕು ಕೆಳಗಿವೆ. ಮಲ್ಪೆ ಬಂದರೂ ನಿಮ್ಮದೇ, ನಮ್ಮ ತೋಟಗಳೂ ನಿಮ್ಮವೇ. ಸಾಲದ್ದಕ್ಕೆ ನೀವು ರಾಜ್ಯದ ಮೀನುಗಾರಿಕೆ ಸಚಿವರಾಗಿದ್ದವರು. ಈ ಎರಡನ್ನೂ ಸೇರಿಸಿ ಯೋಚಿಸೋಕೆ ನಿಮಗಿಂತ ಸರಿಯಾದವರು ಇನ್ಯಾರು?

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ ಇರುವಾಗ ದಡಕ್ಕೆ ಎಳೆದ ದೋಣಿಗಳ ತಳವನ್ನು ನೀವು ನೋಡಿಯೇ ಇರುತ್ತೀರಿ. ಪಾಚಿ, ಲೋಳೆ, ಅದರ ಮೇಲೆ ಬಿಳಿ ಬಿಳಿ ಚಿಪ್ಪು. ಆ ಚಿಪ್ಪಿನ ಪ್ರಾಣಿಯೇ ಬಾರ್ನಕಲ್. ಮರಿಯಾಗಿದ್ದಾಗ ನೀರಿನಲ್ಲಿ ತೇಲಾಡಿಕೊಂಡು ಜಾಗ ಹುಡುಕುತ್ತದೆ. ಜಾಗ ಹಿಡಿಸಿದರೆ ತಲೆಯ ಕಡೆಯಿಂದ ಅಂಟು ಬಿಟ್ಟು ಕೂತುಬಿಡುತ್ತದೆ. ಸುತ್ತ ಚಿಪ್ಪು ಕಟ್ಟಿಕೊಂಡು, ಕಾಲು ಹೊರಗೆ ಚಾಚಿ ನೀರಿನಲ್ಲಿ ಸಿಕ್ಕಿದ್ದನ್ನು ಬಾಚಿಕೊಳ್ಳುತ್ತಾ ಜೀವನ ಕಳೆಯುತ್ತದೆ. ಆಮೇಲೆ ಅದನ್ನು ಉಳಿ ಹಿಡಿದು ಹೆರೆಯಬೇಕು, ಬೇರೆ ದಾರಿಯಿಲ್ಲ. ಹೆರೆಯದೆ ಬಿಟ್ಟರೆ ದೋಣಿಗೆ ನೀರಿನ ಎಳೆತ ಹೆಚ್ಚಾಗಿ ಡೀಸೆಲ್ ಜಾಸ್ತಿ ಕುಡಿಯುತ್ತದೆ. ಚಿಪ್ಪು ಕೂರುವುದೇ ಬೇಡ, ಲೋಳೆ ಸಾಕು. ಹಡಗಿನ ತಳದ ಅರ್ಧದಷ್ಟು ಜಾಗದಲ್ಲಿ ಅರ್ಧ ಮಿಲಿಮೀಟರ್ ದಪ್ಪ ಲೋಳೆ ಕಟ್ಟಿದರೂ ಹಡಗು ಉಗುಳುವ ಹಸಿರುಮನೆ ಅನಿಲ 25ರಿಂದ 30 ಶೇಕಡಾ ಹೆಚ್ಚಬಹುದು ಅಂತ ಅಂತರರಾಷ್ಟ್ರೀಯ ಕಡಲ ಸಂಸ್ಥೆ ಲೆಕ್ಕ ಹೇಳಿದೆ.

ಇದನ್ನು ತಡೆಯೋಕೆ ಜಗತ್ತು ವಿಷವನ್ನೇ ನಂಬಿಕೊಂಡು ಬಂದಿದೆ. 1960ರ ದಶಕದಿಂದ ತವರ ಸೇರಿಸಿದ ಟಿಬಿಟಿ ಎಂಬ ರಾಸಾಯನಿಕ ಬಂತು. ಅಷ್ಟು ಚೆನ್ನಾಗಿ ಕೆಲಸ ಮಾಡುವ ಪೇಂಟ್ ಅದಕ್ಕೆ ಮುಂಚೆ ಇರಲಿಲ್ಲ. ಆದರೆ ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ ಸಿಂಪಿ ಸಾಕಣೆಯೇ ಕುಸಿದುಬಿತ್ತು. ಹೆಣ್ಣು ಶಂಖದ ಹುಳುಗಳಲ್ಲಿ ಗಂಡಿನ ಅಂಗ ಬೆಳೆಯತೊಡಗಿತು. 1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. ಜಗತ್ತಿನ ಹಡಗುಗಳಿಗೆಲ್ಲ ಅನ್ವಯಿಸುವ ಒಪ್ಪಂದ ಜಾರಿಗೆ ಬರೋಕೆ 2008 ಆಯಿತು. ಸೈಬ್ಯುಟ್ರಿನ್ ಎಂಬ ಇನ್ನೊಂದರ ಮೇಲೆ 2023ರಲ್ಲಿ ನಿಷೇಧ ಬಂತು. ಈಗ ಹೆಚ್ಚಾಗಿ ಉಳಿದಿರುವುದು ತಾಮ್ರ.

ತಾಮ್ರ ನಮಗೆ ಹೊಸದಲ್ಲ. ಕೊಳೆರೋಗಕ್ಕೆ ಬೋರ್ಡೋ ಎಂಬ ತಾಮ್ರದ ದ್ರಾವಣ ಹೊಡೆಯದ ಅಡಿಕೆ ತೋಟ ಮಲೆನಾಡಿನಲ್ಲಿ ಎಲ್ಲಿದೆ? ಮೈಲುತುತ್ತ, ಸುಣ್ಣ ಸೇರಿಸಿ, ಕತ್ತಿಯ ತುದಿ ಅದ್ದಿ ನೋಡುತ್ತೇವೆ. ಕೆಂಪು ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿದೆ ಅಂತ ಲೆಕ್ಕ, ಸುಣ್ಣ ಇನ್ನಷ್ಟು ಬೇಕು. ಎಲೆ ಸುಡಬಾರದು ಅಂತ ನಾವೇ ಇಷ್ಟು ಜೋಪಾನ ಮಾಡುತ್ತೇವೆ. ಬಂದರಿನಲ್ಲಾದರೆ ಸಾಲಾಗಿ ನಿಂತ ದೋಣಿಗಳಿಂದ ತಾಮ್ರ ನೀರಿಗೆ ಬಿಡುತ್ತಲೇ ಇರುತ್ತದೆ. ಪೇಂಟ್ ಕೆಲಸ ಮಾಡುವುದೇ ಹಾಗೆ.

ಇನ್ನು ಚೊಗರಿನ ವಿಷಯಕ್ಕೆ ಬರುತ್ತೇನೆ. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ನೀರು ಕೆಂಪಾಗುತ್ತದೆ. ಅದೇ ನೀರಿನಲ್ಲಿ ಮತ್ತೆ ಮತ್ತೆ ಬೇಯಿಸಿದರೆ ಗಟ್ಟಿಯಾಗುತ್ತಾ ಕಪ್ಪುಗೆಂಪಿಗೆ ತಿರುಗುತ್ತದೆ. ನಾಲಿಗೆಗೆ ತಾಗಿಸಿದರೆ ಬಾಯೆಲ್ಲ ಮುದುಡುವಷ್ಟು ಒಗರು. ಪಂಚೆಗೆ ಒಂದು ಹನಿ ಬಿದ್ದರೆ ಆ ಪಂಚೆ ಇನ್ನು ತೋಟಕ್ಕಷ್ಟೇ ಲಾಯಕ್ಕು. ಅಡಿಕೆಗೆ ಬಣ್ಣ ಬರಲಿ ಅಂತ ಅದನ್ನೇ ಬಳಸುತ್ತೇವೆ. ಮಿಕ್ಕಿದ್ದನ್ನು ಕೆಲವರು ಮಾರುತ್ತಾರೆ, ಕೆಲವರು ಸುಮ್ನೆ ಚೆಲ್ಲುತ್ತಾರೆ. ಆ ಒಗರಿಗೆ ಕಾರಣ ಟ್ಯಾನಿನ್.

ಅರ್ಜೆಂಟೀನಾದ ಲಾ ಪ್ಲಾಟಾದಲ್ಲಿ ಪೇಂಟ್ ಸಂಶೋಧನೆಗೆಂದೇ ಒಂದು ಸಂಸ್ಥೆಯಿದೆ. ಅಲ್ಲಿನ ವಿಜ್ಞಾನಿಗಳು ತಮ್ಮ ನೆಲದ ಕೆಬ್ರಾಚೊ ಮರದ ಟ್ಯಾನಿನ್ ತೆಗೆದು ಬಾರ್ನಕಲ್ ಮರಿಗಳ ಮೇಲೆ ಪ್ರಯೋಗ ಮಾಡಿದರು. ಮರಿಗಳಿಗೆ ಒಂಥರಾ ಮಂಪರು ಹತ್ತಿತು. ಮಂಪರು ಹತ್ತಿದ ಮರಿ ಅಂಟಿ ಕೂರುವುದಿಲ್ಲ. ಆದರೆ ಟ್ಯಾನಿನ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಹಾಗೇ ಪೇಂಟ್‌ಗೆ ಕಲಸಿದರೆ ಬೇಗ ತೊಳೆದುಹೋಗುತ್ತದೆ. ಅದಕ್ಕೆ ಅವರು ಅಲ್ಯೂಮಿನಿಯಂ ಅಥವಾ ಸ್ವಲ್ಪ ತಾಮ್ರದ ಜೊತೆ ಸೇರಿಸಿ ಕರಗದ ಪುಡಿ ಮಾಡಿಕೊಂಡರು. ಆ ಪುಡಿ ಹಾಕಿದ ಪೇಂಟನ್ನು ಹಲಗೆಗಳಿಗೆ ಬಳಿದು ಮಾರ್ ದೆಲ್ ಪ್ಲಾಟಾ ಬಂದರಿನಲ್ಲಿ ಇಳಿಬಿಟ್ಟು ನೋಡಿದರು. ತಾಮ್ರ ಸೇರಿಸಿದ ಪೇಂಟಿನಲ್ಲೂ ಅದರ ಪ್ರಮಾಣ ಮಾಮೂಲಿಗಿಂತ ತುಂಬಾ ಕಡಿಮೆ. ಕೆಬ್ರಾಚೊದ ಟ್ಯಾನಿನ್ನೂ ನಮ್ಮ ಅಡಿಕೆಯ ಟ್ಯಾನಿನ್ನೂ ಒಂದೇ ಗುಂಪಿನವು.

ಬೇರೆ ಗಿಡಗಳ ಮೇಲೂ ಕೆಲಸ ನಡೆದಿದೆ. ಸಮುದ್ರದಲ್ಲೇ ಬೆಳೆಯುವ ಝೋಸ್ಟೆರಾ ಎಂಬ ಹುಲ್ಲಿನಲ್ಲಿ ಅಂಟದಂತೆ ಮಾಡುವ ಆಮ್ಲವೊಂದು ಸಿಕ್ಕಿದೆ. ಮೆಣಸಿನಕಾಯಿಯ ಖಾರವನ್ನೂ ಪರೀಕ್ಷಿಸಿದ್ದಾರೆ. (ಬ್ಯಾಡಗಿಯವರು ಈಗಲೇ ಹಿಗ್ಗುವುದು ಬೇಡ. ಅವರ ಕಾಯಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ.) ಆದರೆ ನಮ್ಮ ಮನೆಗಳಲ್ಲಿ ಈಗಾಗಲೇ ಹಂಡೆಗಟ್ಟಲೆ ತಯಾರಾಗುತ್ತಿರುವುದು ಚೊಗರು ಮಾತ್ರ.

ಗಿಡದ್ದು ಅಂದಮೇಲೆ ಅಪಾಯವಿಲ್ಲ ಅಂತ ಯಾರಾದರೂ ನಿಮ್ಮ ಹತ್ತಿರ ಹೇಳಿದರೆ ನಂಬಬೇಡಿ. ಕಾರೆಕಾಯಿ ಜಜ್ಜಿ ಹಳ್ಳಕ್ಕೆ ಹಾಕಿ ಮೀನಿಗೆ ಮತ್ತು ಬರಿಸುತ್ತಿದ್ದವರು ನಮ್ಮವರೇ. ಚೊಗರಿನ ಪೇಂಟಿನಿಂದ ಮೀನು, ಸಿಗಡಿ, ಸಿಂಪಿಗೆ ಏನಾಗುತ್ತದೆ ಅಂತ ಮೊದಲು ನೋಡಲೇಬೇಕು. ಅಡಿಕೆಯಲ್ಲಿ ಟ್ಯಾನಿನ್ ಅಲ್ಲದೆ ಅರೆಕೋಲಿನ್ ಎಂಬ ಉತ್ತೇಜಕ ವಸ್ತು ಕೂಡ ಇದೆ. ಅದು ಚೊಗರಿನಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದೂ ಲೆಕ್ಕಕ್ಕೆ ಬರಬೇಕು. ಮತ್ತೆ, ದೋಣಿ ಮಾಲೀಕರು ಪರಿಸರದ ಹೆಸರಲ್ಲಿ ಪೇಂಟ್ ಬದಲಿಸುವುದಿಲ್ಲ. ಒಂದು ಸೀಸನ್ ಪೂರ್ತಿ ಚಿಪ್ಪು ಕೂರದಿದ್ದರೆ ಬದಲಿಸುತ್ತಾರೆ. ಅದು ನ್ಯಾಯವೇ.

ನಮ್ಮ ಕಡೆಯ ಅವಸರವನ್ನೂ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅದರ ಸುದ್ದಿ ಬಂದಾಗಲೆಲ್ಲ ನಾಯಕರು ಮೈಕ್ ಮುಂದೆ ನಿಂತು ಅಡಿಕೆಯ ಮಾನ ಕಾಪಾಡುತ್ತಾರೆ. ಹಳದಿ ಎಲೆ ರೋಗದಲ್ಲಿ ತೋಟ ಕಳೆದುಕೊಂಡ ಶೃಂಗೇರಿ, ಕೊಪ್ಪದ ಕಡೆಯವರಿಗೆ ಭಾಷಣ ಸಾಕಾಗಿದೆ. ಬಾಯಿಗೆ ಹೋಗದ ಒಂದು ಉಪಯೋಗ ಹುಡುಕಿಕೊಡಿ, ಅದು ಹೆಚ್ಚಿನ ಉಪಕಾರ.

ಸಂಸದರ ನಿಧಿ ಇರುವುದು ಬಾಳಿಕೆ ಬರುವ ಆಸ್ತಿಗಳಿಗೆ, ಅದರಿಂದ ಸಂಶೋಧನೆಗೆ ಕೇಳುತ್ತಿಲ್ಲ. ಅಡಿಕೆ ಬಲ್ಲವರು ವಿಟ್ಲದಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಕೇಂದ್ರದಲ್ಲಿದ್ದಾರೆ. ಮೀನು ಬಲ್ಲವರು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿದ್ದಾರೆ. ದೋಣಿ ಬಲ್ಲವರು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯಲ್ಲಿದ್ದಾರೆ. ವಿಟ್ಲ, ಕೊಚ್ಚಿಯ ಎರಡೂ ಕೇಂದ್ರದ ಕೃಷಿ ಸಂಶೋಧನಾ ಪರಿಷತ್ತಿನವು. ಒಂದು ಲೋಕಸಭಾ ಪ್ರಶ್ನೆ, ಒಂದು ಪತ್ರ, ಮಲ್ಪೆಯ ಮೀನುಗಾರರ ಸಂಘವನ್ನೂ ಕರೆದು ಒಂದು ಸಭೆ, ಇಷ್ಟು ನಿಮ್ಮಿಂದ ಆಗಬೇಕು. ಮೊದಲ ಪರೀಕ್ಷೆಗೆ ದೋಣಿಯೂ ಬೇಡ. ಏನೂ ಬಳಿಯದ ಹಲಗೆ, ತಾಮ್ರದ ಪೇಂಟಿನ ಹಲಗೆ, ಚೊಗರಿನ ಹಲಗೆ, ಮೂರನ್ನೂ ಬಂದರಿನಲ್ಲಿ ಅಕ್ಕಪಕ್ಕ ಇಳಿಬಿಟ್ಟರೆ ಆಯಿತು.

ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಸೇರುವುದರಿಂದ ಚಿಪ್ಪು ಕೂರುವುದು ಕಡಿಮೆ. ಮಳೆ ನಿಂತಮೇಲೆ ಶುರುವಾಗುತ್ತದೆ. ನಮ್ಮಲ್ಲಿ ಅಡಿಕೆ ಬೇಯಿಸುವುದೂ ಸರಿಸುಮಾರು ಆಗಲೇ. ಮೊದಲ ಹಂಡೆಯ ಚೊಗರನ್ನು ಯಾವ ಲ್ಯಾಬಿಗೆ ಮುಟ್ಟಿಸಬೇಕು ಅಂತ ನಿಮ್ಮ ಕಚೇರಿಯಿಂದ ಒಂದು ಮಾತು ಬರಲಿ. ಕ್ಯಾನ್ ತುಂಬಿ ಆಗುಂಬೆ ಘಾಟಿ ಇಳಿಸುವ ಕೆಲಸ ನನಗಿರಲಿ.

ಇಂತಿ ನಿಮ್ಮ ಮತದಾರ,
ಕೊಪ್ಪ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ